ಎಡಹುರಿ ಬತ್ತಿ

ಮಿಲ್ಲಿನ ಸಾವ್ಕಾರರನ್ನು ಕೋರ್ಟು ಖುಲಾಸೆ ಮಾಡಿದ ದಿನ ಮಧ್ಯಾಹ್ನ ಮೂರು ಗಂಟೆಗೆ ನನ್ನ ಗಂಡ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಅವರು ಸತ್ತು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ನಾನು ಆಗ ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದೆ. ಎದುರು ಮನೆಯ ನಾಗವ್ವ ಓಡಿ ಬಂದು ಗೇಟಿನಿಂದಲೇ ಕೂಗಿದಳು: “ಗಾಳೆವ್ವಾ, ಲಗೂನ ಬಾ. ಕನಕಪ್ಪಣ್ಣ ಬಂದು ಕುಂತಾನ. ಹಾಸಾಕ ಏನೂ ಇಲ್ಲ, ಬರೇ ಕಲ್ಲಿನ ಮ್ಯಾಲ ಕುಂತಾನ.” ನಾನು ಕೈ ಒರೆಸಿಕೊಂಡು ಹೊರಟೆ. ಬರುತ್ತಾರೆಂದು ಗೊತ್ತಿತ್ತು. ತೀರ್ಪು ಹನ್ನೊಂದಕ್ಕೇ ಆಗಿತ್ತು. ಇಷ್ಟು ತಡ ಮಾಡಿದ್ದಕ್ಕೆ ಮಾತ್ರ ಆಶ್ಚರ್ಯ. ಬದುಕಿದ್ದಾಗ ಅವರು ಎಲ್ಲಿಗೂ ತಡವಾಗಿ ಹೋದವರಲ್ಲ.

ನಮ್ಮೂರಲ್ಲಿ ಇದು ಹೊಸದಲ್ಲ. ಒಂದು ಸಾವಿಗೆ ಯಾರೂ ಕಾರಣರಲ್ಲ ಎಂದು ಕೋರ್ಟು ಹೇಳಿತೆಂದರೆ ಸತ್ತವರು ಹಿಂದಿರುಗಿ ಬಂದು ಮನೆಯ ಮುಂದೆ ಕೂರುತ್ತಾರೆ. ಅವರಿಗೆ ‘ಕೂತವರು’ ಎನ್ನುತ್ತೇವೆ. ಮಾತಾಡುವುದಿಲ್ಲ, ಉಣ್ಣುವುದಿಲ್ಲ, ಬಿಸಿಲು ಮಳೆ ಎನ್ನುವುದಿಲ್ಲ. ಕೈಗಳು ಮಾತ್ರ ಏನಾದರೂ ಮಾಡುತ್ತಲೇ ಇರುತ್ತವೆ. ಅದನ್ನು ನೋಡಬಾರದು ಎಂಬುದು ಊರಿನ ಮರ್ಯಾದೆ. ಬಂದ ದಿನವೇ ತೊಡೆಯ ಮೇಲೆ ಒಂದು ಟವೆಲ್ಲು ಹೊದಿಸಿ ಕೈ ಮುಚ್ಚಿಬಿಡುತ್ತಾರೆ. ನಮ್ಮ ಓಣಿಯಲ್ಲಿ ಆಗಲೇ ಆರು ಮಂದಿ ಇದ್ದರು. ಕರೆಂಟಿನ ಕಂಬ ಹತ್ತಿದವನು ಒಬ್ಬ, ಮೋರಿಗೆ ಇಳಿದವರು ಇಬ್ಬರು, ಹೆರಿಗೆಗೆ ಹೋದವಳು ಒಬ್ಬಳು, ಹಾಸ್ಟೆಲ್ಲಿನ ಹುಡುಗಿ ಒಬ್ಬಳು, ಪೊಲೀಸ್ ಠಾಣೆಯಲ್ಲಿ ನೇಣು ಹಾಕಿಕೊಂಡ ಎಂದು ಬರೆಸಿಕೊಂಡ ನಾಗವ್ವನ ಮಗ ದ್ಯಾಮಣ್ಣ. ಸಾವ್ಕಾರರ ಓಣಿಯಲ್ಲಿ ಕೂತವರು ಒಬ್ಬರೂ ಇಲ್ಲ. ಅಲ್ಲಿ ಯಾರನ್ನಾದರೂ ಯಾರಾದರೂ ಸಾಯಿಸಿದರೆ ಶಿಕ್ಷೆ ಆಗಿಯೇ ತೀರುತ್ತದೆ. ಅವರ ಕಟ್ಟೆಗಳ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ.

ನನ್ನ ಅತ್ತೆ ಫಕೀರವ್ವ ಮಗನ ಪಕ್ಕದಲ್ಲಿ ಆಗಲೇ ಕೂತಿದ್ದಳು. ಅತ್ತಿರಲಿಲ್ಲ. ಮಗನ ತಲೆಯ ಮೇಲಿನ ಮಣ್ಣು ಸೆರಗಿನಿಂದ ಒರೆಸುತ್ತಿದ್ದಳು. ನನ್ನನ್ನು ನೋಡಿ, “ಬಳಿಗಾರನ್ನ ಕರಿ. ಗಂಡ ಕಟ್ಟಿ ಮ್ಯಾಲ ಕುಂತಾಗ ಬರಿಗೈಲೆ ಅಡ್ಡಾಡ್ತಿ ಏನ?” ಎಂದಳು. ಹಸಿರು ಬಳೆ ಇಟ್ಟುಕೊಂಡೆ. ಮುಂದಿನ ತಿಂಗಳು ವಿಧವಾ ವೇತನ ನಿಂತಿತು. ಕೇಳಲು ಹೋದರೆ ಗುಮಾಸ್ತ ನನ್ನ ಕೈ ನೋಡಿ, “ಬಳಿ ಇಟಗೊಂಡು ಬಂದು ಇಂಥಾ ಪಗಾರ ಕೇಳ್ತಿಯಲ್ಲಬೇ” ಎಂದ. ಪಡಿತರ ಚೀಟಿಯಲ್ಲಿ ಕನಕಪ್ಪನ ಹೆಸರು ಮತ್ತೆ ಸೇರಿಸಿದರು, ಅಕ್ಕಿ ಸೇರಿಸಲಿಲ್ಲ. “ಉಣ್ಣಂಗಿಲ್ಲಲ್ಲ?” ಎಂದರು. ಮತದಾರರ ಪಟ್ಟಿಯಲ್ಲೂ ಹೆಸರು ಬಂತು. ಚುನಾವಣೆಯ ದಿನ ಪಕ್ಷದವರು ಆಟೊ ತಂದು, ಕೂತ ಏಳೂ ಮಂದಿಯ ಬೆರಳಿಗೆ ಮಸಿ ಹಚ್ಚಿಸಿಕೊಂಡು ಹೋದರು.

ಸಾವು ಆದದ್ದು ಹೀಗೆ. ನಮ್ಮೂರ ದೊಡ್ಡ ರೈಸ್ ಮಿಲ್ಲಿನಲ್ಲಿ ಭತ್ತ ಕುದಿಸಿ ಅಕ್ಕಿ ಮಾಡುತ್ತಾರೆ. ಅದಕ್ಕೆ ಬೇಕಾದ ಉಗಿ ಕೊಡುವ ಬಾಯ್ಲರಿಗೆ ನನ್ನ ಗಂಡ ಹನ್ನೊಂದು ವರ್ಷ ಕಾವಲು. ಒತ್ತಡ ಮಿತಿ ಮೀರಿದರೆ ಉಗಿ ತಾನಾಗಿ ಹೊರಗೆ ಹೋಗಲೆಂದು ಅದರ ನೆತ್ತಿಯ ಮೇಲೆ ಒಂದು ಸೇಫ್ಟಿ ವಾಲ್ವು ಇರುತ್ತದೆ. ಸುಗ್ಗಿಯ ಕಾಲದಲ್ಲಿ ಅದು ಘಳಿಗೆಗೊಮ್ಮೆ ಬಾಯಿ ಬಿಡುತ್ತಿತ್ತು. ಉಗಿ ಪೋಲಾಗುತ್ತದೆ, ಭತ್ತ ತಡವಾಗುತ್ತದೆ ಎಂದು ಸಾವ್ಕಾರರು ಅದರ ಹಿಡಿಕೆಯನ್ನು ಬೈಂಡಿಂಗ್ ತಂತಿಯಿಂದ ಕಟ್ಟಿಸಿದ್ದರು. ಇದನ್ನು ನನ್ನ ಗಂಡ ಮನೆಯಲ್ಲಿ ಮೂರು ಸಲ ಹೇಳಿದ್ದರು. ನಾಲ್ಕನೆಯ ಸಲ ಹೇಳಲು ಬರಲಿಲ್ಲ, ಅಷ್ಟರಲ್ಲಿ ಬಾಯ್ಲರ್ ಸಿಡಿದಿತ್ತು. ಅದೇ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದ ಪಾಮಣ್ಣ ಪೊಲೀಸರ ಮುಂದೆ ತಂತಿ ಕಂಡೆ ಎಂದ, ಕೋರ್ಟಿನಲ್ಲಿ ಕಂಡಿಲ್ಲ ಎಂದ. ನಡುವೆ ಅವನು ಮಿಲ್ಲಿನ ಮೇಸ್ತ್ರಿಯಾದ. ಸಂಶಯದ ಲಾಭ ಸಾವ್ಕಾರರಿಗೆ ಹೋಯಿತು. ಲಾಭ ಯಾವುದಾದರೂ ಅದು ಹೋಗುವ ದಾರಿ ಅದೇ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ತೀರ್ಪಿನಲ್ಲಿ ಒಂದು ಸಾಲು ಇತ್ತು: ‘ಕೆಲಸದ ವೇಳೆ ಮೃತನು ನಿದ್ರೆಗೆ ಜಾರಿ, ನೀರಿನ ಮಟ್ಟ ಗಮನಿಸದೆ ಇದ್ದಿರಬಹುದಾದ ಸಂಭವವನ್ನು ತಳ್ಳಿಹಾಕಲಾಗದು.’ ಸಂಜೆಯೊಳಗೆ ಊರು ಆ ಸಾಲಿನಿಂದ ‘ಸಂಭವ’ವನ್ನು ಕಿತ್ತು ಹಾಕಿತು. ಮರುದಿನ ನನ್ನ ಮಗಳು ನೀಲಾ ಶಾಲೆಯಿಂದ ಬಂದು ಕೇಳಿದಳು: “ಯವ್ವಾ, ನನ್ನ ನಿದ್ದಿ ಕನಕಪ್ಪನ ಮಗಳು ಅಂತಾರ. ಅಪ್ಪ ಮಕ್ಕೊಂಡಿದ್ದನ?” ನೀಲಾಗೆ ಆಗ ಒಂಬತ್ತು ವರ್ಷ. ಮಿಲ್ಲಿನ ಸೈರನ್ನಿಗೆ ಮೊದಲೇ ಏಳುತ್ತಿದ್ದ ಮನುಷ್ಯ ಕಟ್ಟೆಯ ಮೇಲೆ ಕೂತು ಈ ಮಾತು ಕೇಳಿಸಿಕೊಂಡರು.

ಖಾಜಾಬನಿ ವಕೀಲರ ಮನೆಗೆ ಹೋದೆ. ಗ್ರಂಥಾಲಯದ ಹಿಂದಿನ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಕ್ಷಿದಾರರು, ಹಿಂದಿನದರಲ್ಲಿ ಹೊಲಿಗೆ ಯಂತ್ರ. ಅವರು ತೀರ್ಪಿನ ಹಾಳೆ ಓದಿ ಮುಗಿಸಿ ಕನ್ನಡಕ ತೆಗೆದರು. “ಕ್ರಿಮಿನಲ್ ಕೋರ್ಟಿನ್ಯಾಗ ಸೋತ್ವಿ ಅಂದ್ರ ಎಲ್ಲಾ ಸೋತ್ವಿ ಅಂತಲ್ಲಬೇ ಗಾಳೆವ್ವ. ಸಿವಿಲ್ ದಾವೆ ಹಾಕೂಣು, ಪರಿಹಾರ ಕೇಳೂಣು. ಅಲ್ಲಿ ಅನುಮಾನ ಒಂದು ಚೂರು ಉಳಿದ್ರೂ ಸಾವ್ಕಾರ ಬಿಡುಗಡಿ. ಇಲ್ಲಿ ಹಂಗಲ್ಲ. ತಕ್ಕಡಿ ಒಂದು ಜ್ವಾಳದ ಕಾಳಿನಷ್ಟು ನಮ್ಮ ಕಡೆ ವಾಲಿದ್ರ ಸಾಕು.”

“ವಾಲಿದ್ರ?”

“ಸಾವ್ಕಾರಂದು ತಪ್ಪು ಅಂತ ಬರೀತಾರ. ನಿನ್ನ ಗಂಡ ಮಕ್ಕೊಂಡಿರಲಿಲ್ಲ ಅಂತ ಬರೀತಾರ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: “ಮತ್ತ ಅಂವಾ ಎದ್ದು ಹೋಗ್ತಾನ. ಅದನ್ನೂ ವಿಚಾರ ಮಾಡು.”

ಅದು ಊರಿಗೆಲ್ಲ ಗೊತ್ತಿದ್ದ ವಿಷಯವೇ. ಯಾರದು ತಪ್ಪು ಎಂದು ಯಾವುದಾದರೂ ಒಂದು ಕೋರ್ಟು ಬಾಯಿ ಬಿಟ್ಟು ಹೇಳಿದ ಘಳಿಗೆ ಕೂತವರು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ನಮ್ಮ ಓಣಿಯಲ್ಲಿ ಯಾರೂ ಹಾಗೆ ಎದ್ದಿರಲಿಲ್ಲ. ಬಹಳ ಮಂದಿ ರಾಜಿ ಮಾಡಿಕೊಂಡಿದ್ದರು. ರಾಜಿಯಲ್ಲಿ ತಪ್ಪು ಯಾರದೂ ಅಲ್ಲ, ಹಣ ಬರುತ್ತದೆ, ಕೂತವರು ಕೂತೇ ಇರುತ್ತಾರೆ. ಎಲ್ಲರಿಗೂ ಅನುಕೂಲ.

ದಾವೆ ಹಾಕಿದೆವು. ಅತ್ತೆ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು. ಐದನೆಯ ದಿನ ರೊಟ್ಟಿ ಬಡಿಯುತ್ತಾ, “ಒಮ್ಮಿ ಮಣ್ಣು ಕೊಟ್ಟು ಬಂದೀನಿ. ಎರಡನೇ ಸಲ ನನ್ನ ಕಡೆ ಆಗಂಗಿಲ್ಲ” ಎಂದು ರೊಟ್ಟಿಗೇ ಹೇಳಿದಳು.

ಸಾವ್ಕಾರರ ಪರ ದೇಸಾಯಿ ವಕೀಲರು ಕೊಟ್ಟ ಉತ್ತರದಲ್ಲಿ ಎರಡು ಮಾತು ಇದ್ದವು. ಒಂದು, ಸದರಿ ಕನಕಪ್ಪ ಮನೆಯ ಮುಂದೆಯೇ ಕೂತಿರುವುದರಿಂದ ವಾದಿಗೆ ಗಂಡನನ್ನು ಕಳೆದುಕೊಂಡ ನಷ್ಟ ಆಗಿಲ್ಲ. ಎರಡು, ಸದರಿ ಕನಕಪ್ಪ ದುಡಿಯುತ್ತಿದ್ದಾನೆ.

ಎರಡನೆಯದಕ್ಕೆ ನಾನೇ ಕಾರಣ. ನನ್ನ ಗಂಡನ ಕೈಗಳು ಟವೆಲ್ಲಿನ ಕೆಳಗೆ ಸುಮ್ಮನಿರುತ್ತಿರಲಿಲ್ಲ. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಏನನ್ನೋ ಹಿಡಿದು ಹೊರಳಿಸುತ್ತಲೇ ಇರುತ್ತಿದ್ದವು. ಟವೆಲ್ಲು ಜಾರಿ ಬೀಳುತ್ತಿತ್ತು. ಬಂದ ಹೋದವರು ಮುಖ ತಿರುಗಿಸಬೇಕಾಗುತ್ತಿತ್ತು. ಹೇಗೂ ಹೊಸೆಯುವ ಕೈ ಎಂದು ಒಂದು ದಿನ ನಾನು ಹತ್ತಿ ತಂದು ಬೆರಳ ನಡುವೆ ಇಟ್ಟೆ. ದೀಪದ ಬತ್ತಿ ಆಯಿತು. ಮತ್ತೊಂದು ಎಳೆ ಇಟ್ಟೆ, ಮತ್ತೊಂದು ಬತ್ತಿ. ನೋಡಿದವರು “ಛಲೋ ಆತು ಬಿಡವ್ವಾ, ಹೊತ್ತು ಹೋಗ್ತೈತಿ” ಎಂದರು. ಸಂತೆಪೇಟೆಯ ಶೆಟ್ಟರು ಪೂಜೆ ಸಾಮಾನು ಮಾರುವ ತಮ್ಮ ಗ್ರಂಥಿಗೆ ಅಂಗಡಿಯಲ್ಲಿ ಇಟ್ಟು ಮಾರಿದರು. ಬರುತ್ತಿದ್ದದ್ದು ಉಪ್ಪು ಎಣ್ಣೆಗೆ. ದೇಸಾಯಿ ವಕೀಲರು ಅಂಗಡಿಗೆ ಆಳು ಕಳಿಸಿ ಒಂದು ಕಟ್ಟು ಬತ್ತಿ ಕೊಂಡು, ಅದನ್ನು ಕೋರ್ಟಿಗೆ ಹಾಜರುಪಡಿಸಿದರು. ಮೃತನು ಲಾಭದಾಯಕ ಉದ್ಯೋಗದಲ್ಲಿ ಇದ್ದಾನೆ, ಕೋರ್ಟ್ ಕಮಿಷನರನ್ನು ನೇಮಿಸಿ ಸ್ಥಳ ತನಿಖೆ ಮಾಡಿಸಬೇಕು ಎಂದು ಅರ್ಜಿ ಹಾಕಿದರು. ಜಡ್ಜ್ ಒಪ್ಪಿದರು.

ಖಾಜಾಬನಿ ಮೇಡಂ ಮೊದಲ ಸಲ ನನ್ನ ಮೇಲೆ ಸಿಟ್ಟಾದರು. “ಸತ್ತಾಂವನ ಕಡೆ ದುಡಿಸಿಯಲ್ಲಬೇ! ಅಂವಾ ಇದ್ದಾಗ ಸಾವ್ಕಾರ ದುಡಿಸಿದ, ಸತ್ತ ಮ್ಯಾಲ ನೀ.” ಹತ್ತಿ ತೆಗೆದಿಟ್ಟೆ.

ಕಮಿಷನರ್ ಬರಲು ಒಂದು ವಾರ ಇತ್ತು. ಆಗ ಶೆಟ್ಟರು ಒಂದು ಚೀಲ ಬತ್ತಿ ಹೊತ್ತುಕೊಂಡು ಬಂದು ನಮ್ಮ ಹೊಸ್ತಿಲಲ್ಲಿ ಸುರಿದರು. “ಗುಡಿ ಆಚಾರ್ರು ಎಲ್ಲಾ ವಾಪಸ್ ಕಳಿಸ್ಯಾರ. ಎಲ್ಲಾ ಎಡಹುರಿ, ಎಡಕ್ಕ ತಿರುವಿದ್ದು. ಎಡಹುರಿ ಬತ್ತಿ ದೇವರ ಮುಂದ ಹಚ್ಚಾಕ ಬರಂಗಿಲ್ಲ. ಇಷ್ಟು ದಿನಾ ನಾನೂ ನೋಡಿರಲಿಲ್ಲ.” ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ನಲವತ್ತು ವರ್ಷ ಹಗ್ಗ ಮಾರೀನಿ ನಾ. ಹೊಸಿಯೂ ಕೈ ಬಲಕ್ಕ ಹೊಳ್ಳತೈತಿ. ನಿನ್ನ ಗಂಡಂದು ಹೊಸಿಯೂ ಕೈ ಅಲ್ಲವ್ವಾ. ಬಿಚ್ಚೂ ಕೈ.”

ಶೆಟ್ಟರು ಹೋದ ಮೇಲೆ ನಾನು ಕಟ್ಟೆಯ ಮುಂದೆ ನೆಲದಲ್ಲಿ ಕೂತು ಟವೆಲ್ಲು ತೆಗೆದೆ. ಒಂದು ವರ್ಷದ ಮೇಲೆ ಮೊದಲ ಸಲ ಅವರ ಕೈಗಳನ್ನು ನೋಡಿದೆ. ಕೈಗೆ ಕೆಲಸ ಕೊಟ್ಟಿದ್ದೆ, ಕೈ ನೋಡಿರಲಿಲ್ಲ. ಎಡಗೈ ಏನನ್ನೋ ಗಟ್ಟಿಯಾಗಿ ಹಿಡಿದಿತ್ತು. ಬಲಗೈ ಎಡಕ್ಕೆ ಹೊರಳಿತು, ಹೊರಳಿತು, ಹೊರಳಿತು, ಹೊರಳಿತು. ನಿಂತಿತು. ಮತ್ತೆ ಮೊದಲಿನಿಂದ. ನೀಲಾ ಪಕ್ಕದಲ್ಲಿ ಕೂತು ಲೆಕ್ಕ ಬರೆಯುತ್ತಿದ್ದಳು. “ನಾಕು ಸಲ ತಿರುವಿ ನಿಂದರ್ತಾನ” ಎಂದಳು, ತಲೆ ಎತ್ತದೆ. “ನಿನಗೆಂಗ ಗೊತ್ತು?” ಎಂದೆ. “ನಾಕರ ಮಗ್ಗಿ ಅಪ್ಪನ ಕಡೇನ ಕಲ್ತೀನಿ. ನಾಕೊಂದ್ಲೆ ನಾಕು, ಆಮ್ಯಾಲ ಉಸಿರು, ನಾಕೆರಡ್ಲೆ ಎಂಟು.” ಯಾಕೆ ಹೇಳಲಿಲ್ಲ ಎಂದರೆ, ಕೂತವರ ಕೈ ನೋಡಬಾರದು ಎಂದು ಅಜ್ಜಿ ಹೊಡೆಯುತ್ತಾಳೆ ಎಂದಳು.

ಕ್ರಿಮಿನಲ್ ಕೇಸಿನ ಪಂಚನಾಮೆಯಲ್ಲಿ ಜಪ್ತಿ ಮಾಡಿದ ಆರನೆಯ ಮುದ್ದೆಮಾಲು ಒಂದು ಬೈಂಡಿಂಗ್ ತಂತಿ ತುಂಡು. ಅದು ಭತ್ತದ ಚೀಲಕ್ಕೆ ಕಟ್ಟಿದ್ದು ಎಂದು ಸಾವ್ಕಾರರ ಕಡೆಯವರು ಹೇಳಿದ್ದರು, ಯಾರೂ ಮತ್ತೆ ಕೇಳಿರಲಿಲ್ಲ. ಖಾಜಾಬನಿ ಮೇಡಂ ಅರ್ಜಿ ಹಾಕಿ ಕೋರ್ಟಿನ ಉಗ್ರಾಣದಿಂದ ಅದನ್ನು ತೆಗೆಸಿದರು. ಎರಡು ತುದಿ ಸೇರಿಸಿ ಇಕ್ಕಳದಿಂದ ಬಿಗಿದ ಒಂಬತ್ತು ಹುರಿ. ಐದು ಇನ್ನೂ ಬಿಗಿಯಾಗಿದ್ದವು. ನಾಲ್ಕು ಬಿಚ್ಚಿದ್ದವು, ತಂತಿಯಲ್ಲಿ ಹುರಿಯ ಡೊಂಕು ಹಾಗೇ ಉಳಿದಿತ್ತು.

ಅದೇ ದಿನ ಸಂಜೆ ಪಾಮಣ್ಣ ಬಂದ. ಮೇಸ್ತ್ರಿಯಾದ ಮೇಲೂ ಅವನು ವಾರಕ್ಕೊಮ್ಮೆ ಬಂದು ನನ್ನ ಗಂಡನ ಪಕ್ಕ ಕೂತು ಬೀಡಿ ಸೇದಿ ಹೋಗುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ಆವತ್ತೂ ನೋಡಲಿಲ್ಲ. ಬೀಡಿಗೆ ಹೇಳುವಂತೆ ಹೇಳಿದ: “ಅಕ್ಕಾ, ಒಂಬತ್ತು ಹುರಿ ಬಿಗದಾಂವ ನಾನ. ಸಾವ್ಕಾರ್ರು ನಿಂತು ಎಣಿಸಿದ್ರು. ಬಿಗದ ಮ್ಯಾಲ ಇಕ್ಕಳ ತಗೊಂಡು ತಮ್ಮ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. ಕನಕಣ್ಣ ಬರಿಗೈಲೆ ಬಿಚ್ಚಾಕ ಹತ್ತಿದ್ದ. ಸುಡ್ತಿತ್ತು. ‘ಪಾಮಾ, ನೀ ಹೊರಗ ಓಡು’ ಅಂದ. ನಾ ಓಡಿದೆ.” ಬೀಡಿಯನ್ನು ನೆಲಕ್ಕೆ ಒತ್ತಿ, “ಕೋರ್ಟಿನ್ಯಾಗ ನನ್ನ ಕೇಳಬ್ಯಾಡ. ನಾ ಹೇಳಂಗಿಲ್ಲ. ಮೂರು ಹೆಣ್ಣಮಕ್ಕಳು ಅದಾವು” ಎಂದ. ನಾನು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಈಗಲೂ ಮೇಸ್ತ್ರಿಯಾಗಿಯೇ ಇದ್ದಾನೆ.

ಕಮಿಷನರ್ ಒಬ್ಬ ಎಳೆಯ ವಕೀಲರು. ಹೊಸ ಬ್ಯಾಗು, ಹೊಸ ಅಳತೆ ಪಟ್ಟಿ. ಮೊದಲು ಕಟ್ಟೆಯ ಉದ್ದಗಲ ಅಳೆದು ಬರೆದುಕೊಂಡರು. ಆಮೇಲೆ, “ಉದ್ಯೋಗ ತೋರಸ್ರಿ” ಎಂದರು. ದೇಸಾಯಿ ವಕೀಲರು ತಾವೇ ತಂದಿದ್ದ ಹತ್ತಿಯನ್ನು ನನ್ನ ಗಂಡನ ಬೆರಳಿಗೆ ಕೊಟ್ಟರು. ಬತ್ತಿ ಆಯಿತು. “ನೋಡ್ರಿ, ಬರಕೋರಿ” ಎಂದರು. ಖಾಜಾಬನಿ ಮೇಡಂ, “ಬರಕೋರಿ. ಯಾವ ಕಡೆ ತಿರುವಿದ ಅನ್ನೋದನ್ನೂ ಬರಕೋರಿ. ಎಷ್ಟು ಸಲ ತಿರುವಿದ ಅನ್ನೋದನ್ನೂ ಬರಕೋರಿ” ಎಂದರು. ಅವರು ಬರೆದುಕೊಂಡರು: ಎಡಕ್ಕೆ, ನಾಲ್ಕು. ಮತ್ತೊಂದು ಬತ್ತಿ: ಎಡಕ್ಕೆ, ನಾಲ್ಕು. ಇಪ್ಪತ್ತು ಬತ್ತಿ ಆಗುವವರೆಗೆ ಬರೆದರು. ಆಮೇಲೆ ಮೇಡಂ ಅಷ್ಟೇ ದಪ್ಪದ ಹೊಸ ತಂತಿಗೆ ಕಮಿಷನರ್ ಕೈಯಿಂದಲೇ ಒಂಬತ್ತು ಹುರಿ ಹಾಕಿಸಿ, ನನ್ನ ಗಂಡನ ಕೈಗೆ ಕೊಡಿಸಿದರು. ಓಣಿಯ ಮಂದಿ ಎಲ್ಲ ಮುಖ ತಿರುಗಿಸಿ ನಿಂತಿದ್ದರು. ಅಷ್ಟು ಮಂದಿಯ ಬೆನ್ನುಗಳನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ತಂತಿ ಒಂದು ಹುರಿ ಬಿಚ್ಚಿತು. ಎರಡು. ಮೂರು. ನಾಲ್ಕು. ಕೈ ನಿಂತಿತು. ಕಮಿಷನರ್ ಆ ತಂತಿಯನ್ನು ಕೋರ್ಟಿನಿಂದ ತಂದಿದ್ದ ಆರನೆಯ ಮುದ್ದೆಮಾಲಿನ ಪಕ್ಕ ಇಟ್ಟರು. ಯಾವುದು ಯಾವುದೆಂದು ಗೊತ್ತಾಗಲು ತುಕ್ಕು ನೋಡಬೇಕಾಯಿತು. ದೇಸಾಯಿ ವಕೀಲರು ಹತ್ತಿಯನ್ನು ಜೇಬಿಗೆ ಹಾಕಿಕೊಂಡು, ತನಿಖೆಯ ಉದ್ದೇಶ ಉದ್ಯೋಗಕ್ಕೆ ಮಾತ್ರ ಸೀಮಿತ ಎಂದು ಆಕ್ಷೇಪಣೆ ಬರೆಸಿದರು. ಅದನ್ನೂ ಬರೆದುಕೊಂಡರು.

ಅವರೆಲ್ಲ ಹೋದ ಮೇಲೆ ನಾಗವ್ವ ತನ್ನ ಕಟ್ಟೆಗೆ ಹೋಗಿ ದ್ಯಾಮಣ್ಣನ ಮುಂದೆ ನಿಂತಳು. ಆರು ವರ್ಷದಿಂದ ಅವಳು ಮಗನ ಟವೆಲ್ಲನ್ನು ವಾರಕ್ಕೊಮ್ಮೆ ಕಣ್ಣು ಮುಚ್ಚಿ ಬದಲಿಸುತ್ತಿದ್ದಳು. ಅವತ್ತು ಕಣ್ಣು ತೆರೆದು ಟವೆಲ್ಲು ಎಳೆದಳು. ದ್ಯಾಮಣ್ಣನ ಎರಡೂ ಕೈಗಳು ಮೇಲೇಳಲು ನೋಡುತ್ತಿದ್ದವು. ಅವುಗಳನ್ನು ಟವೆಲ್ಲಿನ ಕೆಳಗೆ ಒಂದು ನೂಲಿನ ದಾರದಿಂದ ಅವಳೇ ಕಟ್ಟಿದ್ದಳು, ಟವೆಲ್ಲು ಬೀಳಬಾರದೆಂದು. ದಾರ ಬಿಚ್ಚಿದಳು. ಕೈಗಳು ಎದ್ದು ತಲೆಯ ಮೇಲೆ ಅಡ್ಡ ಬಂದವು. ಮೊಣಕೈ ಹೊರಗೆ, ಅಂಗೈ ಹೊರಗೆ. ಏಟು ತಪ್ಪಿಸಿಕೊಳ್ಳುವವನ ಕೈ. ನೇಣು ಹಾಕಿಕೊಳ್ಳುವವನು ಹಾಗೆ ಕೈ ಹಿಡಿಯುವುದಿಲ್ಲ. ನಾಗವ್ವ ದಾರವನ್ನು ನೋಡುತ್ತಾ ನಿಂತಿದ್ದಳು. “ನಾನೂ ಕಟ್ಟಿದ್ದೆನಲ್ಲಬೇ” ಎಂದಳು. ಮರುದಿನ ಬೆಳಿಗ್ಗೆ ನಮ್ಮ ಓಣಿಯಲ್ಲಿ ಒಂದೂ ಟವೆಲ್ಲು ಇರಲಿಲ್ಲ. ಆಸ್ಪತ್ರೆಯವರು, ಹಾಸ್ಟೆಲ್ಲಿನವರು, ಠಾಣೆಯವರು ನಮ್ಮ ಓಣಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡತೊಡಗಿದರು. ಪುರಸಭೆಯವರು, ಸಾರ್ವಜನಿಕವಾಗಿ ಕೈ ಪ್ರದರ್ಶಿಸುವುದನ್ನು ನಿಷೇಧಿಸಲಾಗಿದೆ ಎಂದು ಒಂದು ನೋಟೀಸು ಅಂಟಿಸಿದರು. ಅಂಟಿಸಿದ ನೌಕರನ ಅಣ್ಣ ಮೋರಿಗೆ ಇಳಿದವನು. ಅವನು ಅಂಟನ್ನು ಬಹಳ ನೀರು ಮಾಡಿ ಹಚ್ಚಿದ್ದ.

ಆ ವಾರವೇ ಸಾವ್ಕಾರರು ನಮ್ಮ ಮನೆಗೆ ಬಂದರು. ಚೆನ್ನಮಲ್ಲಪ್ಪ ಸಾವ್ಕಾರರು ನಮ್ಮ ಓಣಿಯಲ್ಲಿ ಕಾಲಿಟ್ಟದ್ದು ಅದೇ ಮೊದಲು. ಒಂದು ಬುಟ್ಟಿ ಹಣ್ಣು, ಹಿಂದೆ ದೇಸಾಯಿ ವಕೀಲರು. ಕಟ್ಟೆಯ ಮೇಲೆ ಜಾಗ ಇತ್ತು. ಸಾವ್ಕಾರರು ನಿಂತೇ ಇದ್ದರು. ನನ್ನ ಗಂಡನ ಕಡೆ ನೋಡದೆ ಅತ್ತೆಗೆ ಹೇಳಿದರು: “ಫಕೀರವ್ವಾ, ಕೋರ್ಟು ಕಚೇರಿ ನಮಗ ನಿಮಗ ಯಾಕ? ದಾವೇದಾಗ ಎಷ್ಟು ಕೇಳೀರಿ, ಅದರ ಎರಡು ಪಟ್ಟು ಕೊಡ್ತೀನಿ. ರಾಜಿ ಮಾಡ್ಕೊಳೂಣು. ತಪ್ಪು ನನ್ನದೂ ಅಲ್ಲ, ನಿನ್ನ ಮಗಂದೂ ಅಲ್ಲ. ನಿನ್ನ ಮಗ ನಿನ್ನ ಕಣ್ಣ ಮುಂದ ಇರ್ತಾನ. ಸೊಸಿ ಮಾತು ಕೇಳಿ ಅವನ್ನ ಕಳಕೊಂತಿ ಏನ?”

ಅತ್ತೆ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ನನ್ನ ಹತ್ತಿರ ಬೇಡಿಕೊಂಡಿದ್ದಳು: ಅವನು ಇರಲಿ ಬೇ, ಏನೂ ಬ್ಯಾಡ, ನಾ ಇರೂ ಮಟಾ ಇರಲಿ. ಅವಳು ಹೂಂ ಎಂದರೆ ನಾನು ಇಲ್ಲ ಎನ್ನುವುದಿಲ್ಲ ಎಂದು ಒಳಗೆ ಆಗಲೇ ನಿರ್ಧಾರ ಮಾಡಿದ್ದೆ. ನನಗೂ ಆ ಮನುಷ್ಯ ಬೇಕಿತ್ತು. ಶಾಲೆಯಿಂದ ಬಂದಾಗ ಕಟ್ಟೆಯ ಮೇಲೆ ಒಂದು ತಲೆ ಕಾಣುವುದು ಎಂದರೆ ಏನೆಂದು ಕೋರ್ಟಿನ ಯಾವ ಕಾಗದದಲ್ಲೂ ಬರೆಯುವ ಜಾಗ ಇರಲಿಲ್ಲ.

ಅತ್ತೆ ಕೇಳಿದಳು: “ರಾಜಿ ಕಾಗದದಾಗ ಒಂದು ಮಾತು ಬರೀತೀರೇನ್ರಿ ಧಣೇರ? ನನ್ನ ಮಗ ಮಕ್ಕೊಂಡಿರಲಿಲ್ಲ ಅಂತ.”

ಸಾವ್ಕಾರರು ವಕೀಲರ ಮುಖ ನೋಡಿದರು. ದೇಸಾಯಿ ವಕೀಲರು ತಲೆ ಅಲ್ಲಾಡಿಸಿದರು. ಅವನು ನಿದ್ದೆ ಮಾಡಿರಲಿಲ್ಲ ಎಂದು ಬರೆದರೆ, ಮತ್ತೆ ಬಾಯ್ಲರ್ ಯಾಕೆ ಸಿಡಿಯಿತು ಎಂಬ ಪ್ರಶ್ನೆ ಬರುತ್ತದೆ. “ಅದೊಂದು ಬಿಟ್ಟು ಕೇಳವ್ವಾ” ಎಂದರು ಸಾವ್ಕಾರರು. “ಮೂರು ಪಟ್ಟು ಮಾಡ್ತೀನಿ.”

“ಸಣ್ಣಾಂವ ಇದ್ದಾಗ ಅವನ್ನ ಮಲಗಸಾಕ ನಾ ಎಷ್ಟು ಕಷ್ಟ ಪಟ್ಟೀನಿ ನನಗ ಗೊತ್ತೈತ್ರಿ” ಎಂದಳು ಅತ್ತೆ. “ತೊಟ್ಟಿಲದಾಗೂ ನಿದ್ದಿ ಮಾಡಲಾರದಾಂವ ನಿಮ್ಮ ಬಾಯ್ಲರ್ ಮುಂದ ಮಾಡ್ತಾನ? ಚಾ ಮಾಡ್ಯಾಳ ಸೊಸಿ, ಕುಡದು ಹೋಗ್ರಿ. ಹಣ್ಣು ತಗೊಂಡು ಹೋಗ್ರಿ.” ಸಾವ್ಕಾರರು ಚಹಾ ಕುಡಿಯಲಿಲ್ಲ. ಹಣ್ಣನ್ನು ದೇಸಾಯಿ ವಕೀಲರು ಎತ್ತಿಕೊಂಡರು. ಅತ್ತೆ ಒಳಗೆ ಬಂದು ಗೋಡೆಗೆ ಮುಖ ಹಾಕಿ ಬಹಳ ಹೊತ್ತು ಅತ್ತಳು. ನಾನು ಹತ್ತಿರ ಹೋದರೆ, “ಬರಬ್ಯಾಡ, ನಿನ್ನ ಮ್ಯಾಲ ಸಿಟ್ಟು ಐತಿ” ಎಂದಳು.

ತೀರ್ಪಿನ ದಿನ ಅತ್ತೆ ಕಟ್ಟೆ ಬಿಟ್ಟು ಏಳಲಿಲ್ಲ. ನಾನು ಕೋರ್ಟಿಗೆ ಹೋದೆ. ಆ ಸಾಲನ್ನು ನನ್ನ ಕಿವಿಯಿಂದ ಕೇಳಬೇಕಿತ್ತು. ಜಡ್ಜ್ ಸಣ್ಣ ದನಿಯ ಮನುಷ್ಯ. ಫ್ಯಾನಿನ ಸದ್ದಿನಲ್ಲಿ ಅರ್ಧ ಹೋಗುತ್ತಿತ್ತು. ಒಂದು ಗಂಟೆ ಹತ್ತು ನಿಮಿಷ ಓದಿದರು. ಮನೆಯ ಮುಂದೆ ಕೂತಿರುವುದನ್ನು ಬದುಕುವುದು ಎನ್ನಲಾಗದು ಎಂದು ಓದಿದರು. ಬತ್ತಿ ಉದ್ಯೋಗವಲ್ಲ, ಸಾಕ್ಷ್ಯ ಎಂದು ಓದಿದರು. ಹದಿನಾಲ್ಕನೆಯ ಹಾಳೆಯಲ್ಲಿ ಆ ಸಾಲು ಬಂತು: ‘ಸ್ಫೋಟದ ಘಳಿಗೆಯಲ್ಲಿ ಮೃತ ಕನಕಪ್ಪನು ಎಚ್ಚರವಾಗಿದ್ದು, ವಾಲ್ವಿಗೆ ಕಟ್ಟಿದ್ದ ತಂತಿಯನ್ನು ಬರಿಗೈಯಲ್ಲಿ ಬಿಚ್ಚುತ್ತಿದ್ದನೆಂಬುದೇ ಹೆಚ್ಚು ಸಂಭವನೀಯ.’ ಅಲ್ಲಿ ಹಾಳೆ ಮಗುಚಿ ಗಡಿಯಾರ ನೋಡಿ, “ಆದೇಶದ ಭಾಗ ಊಟದ ನಂತರ” ಎಂದು ಎದ್ದು ಹೋದರು.

ಖಾಜಾಬನಿ ಮೇಡಂ ನನ್ನ ಕೈ ಹಿಡಿದು, “ಗೆದ್ವಿಬೇ. ಎರಡೂವರಿಗೆ ಕುಂದರ್ತಾರ. ಎಲ್ಲಿ ಹೊಂಟಿ?” ಎಂದರು. “ಮನಿಗೆ” ಎಂದೆ. ಅವರು ಕೈ ಬಿಟ್ಟರು.

ದಾರಿಯಲ್ಲಿ ಶಾಲೆ. ನೀಲಾಳನ್ನು ಕರೆದುಕೊಂಡೆ. ಅವಳ ಮೇಷ್ಟ್ರು ಯಾಕೆ ಎಂದು ಕೇಳಿದರು. ಅಪ್ಪನ್ನ ಕಳಿಸಾಕ ಎಂದಳು. ಮನೆಗೆ ಬಂದಾಗ ಎರಡು ಗಂಟೆ. ಅತ್ತೆ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಬೈತಲೆ ಅವರು ಎಂದೂ ತೆಗೆಯದ ಕಡೆ ತೆಗೆದಿದ್ದಳು. ನಾನು ಅವರ ಎದುರು ಕೂತು ಹದಿನಾಲ್ಕನೆಯ ಹಾಳೆಯ ಸಾಲನ್ನು ಹೇಳಿದೆ. ಕಾನೂನಿನ ಮಾತು ಬಾಯಿಪಾಠ ಇರಲಿಲ್ಲ. “ನೀವು ಮಕ್ಕೊಂಡಿರಲಿಲ್ಲ ಅಂತ ಬರದಾರ್ರಿ” ಎಂದೆ. ಮುಖದಲ್ಲಿ ಏನೂ ಆಗಲಿಲ್ಲ. ಏನಾದರೂ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೈ ನಾಲ್ಕು ಸಲ ತಿರುಗಿ ನಿಲ್ಲುತ್ತಿತ್ತು, ನಾಲ್ಕು ಸಲ ತಿರುಗಿ ನಿಲ್ಲುತ್ತಿತ್ತು. ಬೆರಳಿನ ತುದಿಯ ಬೊಬ್ಬೆಗಳನ್ನು ನಾನು ಒಂದೊಂದಾಗಿ ಮುಟ್ಟಿದೆ. ಅವೂ ಹಾಗೇ ಇದ್ದವು. ಅತ್ತೆ, “ಹಸದಾನೋ ಏನೋ” ಎಂದು ರೊಟ್ಟಿ ತಂದು ಪಕ್ಕದಲ್ಲಿ ಇಟ್ಟಳು. ಯಾರೂ ಬೇಡ ಎನ್ನಲಿಲ್ಲ.

ಎರಡೂ ಮುಕ್ಕಾಲಿಗೆ ಕೈ ನಿಂತಿತು. ನಾಲ್ಕನೆಯ ತಿರುವಿಗೆ ಅಲ್ಲ, ಎರಡನೆಯದಕ್ಕೆ. ನೀಲಾ ನನ್ನ ಮುಖ ನೋಡಿದಳು. ನನ್ನ ಗಂಡ ಎದ್ದು ಲುಂಗಿ ಸರಿಮಾಡಿಕೊಂಡು ಮೆಟ್ಟಿಲು ಇಳಿದರು, ಸೈರನ್ನು ಆದಾಗ ಇಳಿಯುತ್ತಿದ್ದಂತೆ. ಅತ್ತೆ ಎದ್ದು ನಿಂತು, “ತಲಿಗೆ ಟವೆಲ್ ಸುತಗೊಳ್ಳೋ, ಬಿಸಲ ಭಾಳ ಐತಿ” ಎಂದಳು. ಸುತ್ತಿಕೊಳ್ಳಲಿಲ್ಲ. ಓಣಿಯವರು ಈ ಸಲ ಯಾರೂ ಮುಖ ತಿರುಗಿಸಲಿಲ್ಲ. ನಾನೂ ನೀಲಾಳೂ ಜೊತೆಗೆ ನಡೆದೆವು. ಮಿಲ್ಲಿನ ಮುಂದೆ ಹೋಗುವಾಗ ಅವರು ತಿರುಗಿ ನೋಡಲಿಲ್ಲ, ನಾನು ನೋಡಿದೆ, ಹೊಗೆ ಬರುತ್ತಿತ್ತು.

ತೀರ್ಪಿನ ನಕಲು ಕೈಗೆ ಬಂದದ್ದು ಹದಿನೈದು ದಿನ ಬಿಟ್ಟು. ಆ ದಿನದ ನಡಾವಳಿಯ ಕೊನೆಗೆ ಹೀಗೆ ಬರೆದಿದೆ: ‘ಆದೇಶ ಓದಿದ ಬಳಿಕ, 3 ಗಂಟೆಗೆ, ಸಹಿಗಾಗಿ ವಾದಿಯನ್ನು ಮೂರು ಬಾರಿ ಕೂಗಲಾಯಿತು. ಗೈರುಹಾಜರು.’ ಖಾಜಾಬನಿ ಮೇಡಂ, ಬೇಕಾದರೆ ಅರ್ಜಿ ಹಾಕಿ ಆ ಮಾತು ತೆಗೆಸೋಣ ಎಂದರು. ಬೇಡ ಎಂದೆ. ಮೂರು ಗಂಟೆಗೆ ನಾವು ಮೂವರೂ ಸ್ಮಶಾನದ ಈಚೆಗಿನ ರೈಲ್ವೆ ಗೇಟಿನ ಹತ್ತಿರ ನಿಂತಿದ್ದೆವು. ಗೇಟು ಬಿದ್ದಿತ್ತು, ಗೂಡ್ಸ್ ಗಾಡಿ ಹೋಗುತ್ತಿತ್ತು. ಗೇಟು ತೆಗೆಯುವವರೆಗೆ ಅವರೂ ನಿಲ್ಲಬೇಕಾಯಿತು. ನೀಲಾ ಡಬ್ಬಿ ಎಣಿಸಿದಳು. ಐವತ್ತೆಂಟು ಇದ್ದವು. ಇನ್ನೂ ಇರಬಹುದಿತ್ತು.